ಮೃಗವಾವುದು, ಮನುಷ್ಯನಾವನು?

ರೂಪವತಿಯಾದ ಕನ್ಯೆ, ಭಯಂಕರವಾದ ಮೃಗ, ಕೊನೆಗೊಂದು ಒಲವಿನ ಮಾತು. ಒಡನೆಯೇ ಮೃಗರೂಪವಳಿದು ರಾಜಕುಮಾರನ ಉದಯ! ಯುರೋಪಿನಲ್ಲಿ ಈ ಕಥೆಯನ್ನು ಕೇಳದ ಮಕ್ಕಳು ವಿರಳ. ಲಂಡನ್ನಿನಲ್ಲಿ ಸಿರಿವಂತರ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದ ಫ್ರೆಂಚ್ ಉಪಾಧ್ಯಾಯಿನಿ ಮದಾಂ ಬೋಮೊಂ, 1740ರ ದೀರ್ಘ ಕಥೆಯೊಂದನ್ನು ಸಂಕ್ಷೇಪಿಸಿ 1756ರಲ್ಲಿ ಬಾಲೆಯರ ಕೈಗಿತ್ತರು. ಹಿರಿಯರು ಗೊತ್ತುಮಾಡಿದ ಅಪರಿಚಿತ ವರನನ್ನು ಕೈಹಿಡಿಯಬೇಕಾಗಿದ್ದ ಅವರಿಗೆ ಅದರ ಉಪದೇಶ ಸ್ಪಷ್ಟವಾಗಿಯೇ ಇತ್ತು: ತಾಳಿಕೋ, ಪ್ರೀತಿಸು; ಮೃಗವೂ ಮನುಷ್ಯನಾದೀತು.

ಆಗದಿದ್ದರೆ? ಈ ಪ್ರಶ್ನೆಯನ್ನೆತ್ತಿದವರು ಇಂಗ್ಲೆಂಡಿನ ಲೇಖಕಿ ಏಂಜೆಲಾ ಕಾರ್ಟರ್ (1940-1992). ಪಾಳು ಅರಮನೆ, ಕತ್ತಲೆ, ಭೀತಿಗಳ ಗಾಥಿಕ್ ಪರಂಪರೆಗೆ ಸೇರಿದ ಅವರ ‘ದಿ ಬ್ಲಡಿ ಚೇಂಬರ್’ ಸಂಕಲನ 1979ರಲ್ಲಿ ಹೊರಬಂದಿತು. ಈ ಕಥೆಗೆ ಅದರಲ್ಲಿ ಎರಡು ರೂಪಗಳಿವೆ. ಒಂದರಲ್ಲಿ ಸಿಂಹಮುಖದ ಯಜಮಾನ ಪೂರ್ವಪದ್ಧತಿಯಂತೆ ಮನುಷ್ಯನಾಗುತ್ತಾನೆ. ಇನ್ನೊಂದು, ‘ದಿ ಟೈಗರ್ಸ್ ಬ್ರೈಡ್’.

ಇಲ್ಲಿ ತಂದೆ ಜೂಜುಕೋರ. ಇಸ್ಪೀಟಿನಾಟದಲ್ಲಿ ಮಗಳನ್ನೇ ಸೋಲುತ್ತಾನೆ. ಗೆದ್ದುದು ಮುಖವಾಡ, ಕೈಗವಸು, ಸುಗಂಧಗಳ ಮರೆಯಲ್ಲಿ ಅಡಗಿದ ಹುಲಿ. ಅವಳನ್ನೊಮ್ಮೆ ವಿವಸ್ತ್ರೆಯಾಗಿ ಕಾಣಬೇಕೆಂಬುದೇ ಅದರ ಬಯಕೆ. ಅವಳು ಒಲ್ಲೆನೆನ್ನುತ್ತಾಳೆ. ಆಗ ಹುಲಿಯೇ ಮೊದಲು ವೇಷ ಕಳಚಿ ನಿಜರೂಪದಲ್ಲಿ ನಿಲ್ಲುತ್ತದೆ. ಅನಂತರವೇ ಅವಳೂ ತನ್ನಿಚ್ಛೆಯಿಂದ ಅದರೆದುರು ನಿಲ್ಲುತ್ತಾಳೆ. ಮನೆಗೆ ಮರಳಲು ಅನುಮತಿ ದೊರೆತರೂ ಅವಳು ಹೋಗಲೊಲ್ಲಳು. ಅಲ್ಲಿ ಅವಳ ಸೇವೆಗೆ ಅವಳನ್ನೇ ಹೋಲುವ ಕೀಲುಗೊಂಬೆಯೊಂದಿದೆ. ತಂದೆಗೆ ಮಗಳಾಗಿರಲು ಅದೇ ಸಾಕೆಂದು ಬಗೆದು, ತನ್ನ ಬದಲು ಅದನ್ನೇ ಕಳುಹಿಸಲು ನಿಶ್ಚಯಿಸುತ್ತಾಳೆ. ಕೊನೆಗೆ ಹುಲಿಯ ಒರಟು ನಾಲಗೆ ನೆಕ್ಕಿದಂತೆಲ್ಲ ಅವಳ ಚರ್ಮ ಪದರಪದರವಾಗಿ ಕಳಚಿ, ಹೊಳೆವ ರೋಮ ಮೂಡುತ್ತದೆ.

ಬಿಡುಗಡೆಗಾಗಿ ಹೆಣ್ಣು ಮೃಗವೇ ಆಗಬೇಕೆ? ಗಂಡಿನ ಬಯಕೆಗೇ ಇದು ಹೊಸ ಬಣ್ಣವೆಂದು ಸ್ತ್ರೀವಾದಿ ವಿಮರ್ಶಕರಲ್ಲಿಯೇ ಕೆಲವರು ಆಕ್ಷೇಪಿಸಿದ್ದುಂಟು. ಆ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕಾಣಬೇಕೆಂಬ ಹಟ ಹಿಡಿದದ್ದು ಹುಲಿಯೇ ಅಲ್ಲವೆ? ಆದರೂ ಅವಳನ್ನು ಪಣಕ್ಕೊಡ್ಡಿದವನು ಹೆತ್ತ ತಂದೆ. ನಾಗರಿಕ, ಸುಸಂಸ್ಕೃತ ಮನುಷ್ಯ. ಹೇಳಿದಂತೆ ಚಲಿಸುವ ಗೊಂಬೆಯೇ ಹೆಣ್ಣಿಗೆ ಆದರ್ಶವೆಂದು ಅಂತಹ ನಾಗರಿಕತೆ ಬಗೆದಾಗ, ಮೃಗತ್ವವೆಂಬುದು ಕ್ರೌರ್ಯದ ಹೆಸರಾಗಿ ಉಳಿಯುವುದಿಲ್ಲ. ತನ್ನ ಹಸಿವು, ತನ್ನ ನೋಟ, ತನ್ನ ನಡೆ ತನ್ನವೇ ಆಗಿರುವುದಕ್ಕೆ ಅದು ಇನ್ನೊಂದು ಹೆಸರಾಗುತ್ತದೆ.

ಬೋಮೊಂ ಅವರ ಕನ್ಯೆಗೆ ತಾಳ್ಮೆಯ ಬಹುಮಾನವಾಗಿ ರಾಜಕುಮಾರ ದೊರೆತ. ಕಾರ್ಟರ್ ಅವರ ಕನ್ಯೆಗೆ ದೊರೆತದ್ದು ತನ್ನದೇ ಮೈ. ಯಾವ ಬಹುಮಾನ ದೊಡ್ಡದೆಂಬುದನ್ನು, ಮಗಳಿಗೆ ಕಥೆ ಹೇಳಹೊರಟ ತಾಯಿಯೇ ನಿರ್ಣಯಿಸಲಿ.