ಕಂಪನಿದಾ, ಲೋಕಲ್ಲಾ?

ಶುಕ್ರವಾರ ಬಂತೆಂದರೆ ನಮ್ಮ ಗೊರವನಹಳ್ಳಿಗೆ ಮಹಾಲಕ್ಷ್ಮಿಯ ದರ್ಶನಕ್ಕೆ ಜನ ಬರುತ್ತಾರೆ. ಆ ಜನರ ನಡುವೆ ನಮ್ಮ ನೆಂಟರೂ ನಾಲ್ಕು ಮಂದಿ ಇರುತ್ತಾರೆ. ಹಾಗಾಗಿ ಅಡುಗೆಮನೆಯಲ್ಲಿ ಏನೇ ಕೆಟ್ಟರೂ ಗುರುವಾರದೊಳಗೆ ಸರಿಯಾಗಬೇಕು. ಬೀದಿಯಲ್ಲಿ ಕೂಗಿಕೊಂಡು ಬರುವ ಕುಕ್ಕರ್, ಮಿಕ್ಸಿ ರಿಪೇರಿಯವರು ಚೀಲ ಬಿಚ್ಚಿದ ಕೂಡಲೇ ಕೇಳುವುದು ಒಂದೇ: "ಕಂಪನಿದು ಹಾಕ್ಲಾ, ಲೋಕಲ್ಲು ಹಾಕ್ಲಾ?"

ಹೆಚ್ಚು ದಿನ ಬಾಳಿಕೆ ಬರುವುದೇ ಒಳ್ಳೆಯ ಮಾಲು ಎಂಬುದು ಎಲ್ಲರ ಲೆಕ್ಕ. ಅವ್ವನ ಲೆಕ್ಕ ಬೇರೆ. ಹೋದ ಶ್ರಾವಣದಲ್ಲಿ ಎರಡು ಸಾಮಾನು ಒಟ್ಟಿಗೆ ಕೈಕೊಟ್ಟವು. ಮಿಕ್ಸಿಯ ಕಪ್ಲರಿನ ಹಲ್ಲು ಸವೆದಿತ್ತು, ಕುಕ್ಕರಿನ ಸೇಫ್ಟಿ ವಾಲ್ವ್ ಕರಗಿತ್ತು. ಕಪ್ಲರನ್ನು ಅವ್ವ ಲೋಕಲ್ಲೇ ಹಾಕಿಸಿದಳು. ವಾಲ್ವಿಗೆ ಮಾತ್ರ ನನ್ನನ್ನು ಕೊರಟಗೆರೆಗೆ ಅಟ್ಟಿ, ಕುಕ್ಕರ್ ಕಂಪನಿಯದನ್ನೇ ತರಿಸಿದಳು. ರಿಪೇರಿಯವರ ಚೀಲದಲ್ಲಿ ಕಾಲು ಬೆಲೆಗೆ ಅಂಥದ್ದೇ ಇತ್ತಲ್ಲ ಎಂದೆ.

"ಮಿಕ್ಸಿ ನಿಂತ್ರೆ ಒರಳುಕಲ್ಲೈತೆ. ಕುಕ್ಕರ್ ಮುಂದೆ ನಿಂತ್ಕೊಳ್ಳೋಳು ನಾನಲ್ವೇನಪ್ಪಾ?"

ವಿಚಿತ್ರವೆಂದರೆ ಈ ಎರಡು ಬಿಡಿಭಾಗಗಳ ಕೆಲಸವೂ ತಾವು ಮೊದಲು ಹೋಗುವುದೇ. ಜಾರಿನಲ್ಲಿ ಏನಾದರೂ ಸಿಕ್ಕಿಕೊಂಡರೆ ಕಪ್ಲರಿನ ಹಲ್ಲು ಮುರಿದು ಮೋಟಾರು ಉಳಿಯುತ್ತದೆ. ಅಗ್ಗದ್ದು ಸಡಿಲವಿದ್ದರೆ ಗಡಗಡ ಸದ್ದು ಮಾಡಿ ತಾನೇ ಹೇಳಿಬಿಡುತ್ತದೆ. ವಾಲ್ವು ಹಾಗಲ್ಲ. ಕುಕ್ಕರಿನೊಳಗೆ ನೀರು 100 ಡಿಗ್ರಿಗೆ ಕುದಿಯದೆ, ಒತ್ತಡದಿಂದ ಸುಮಾರು 120 ಡಿಗ್ರಿಯವರೆಗೆ ಏರುತ್ತದೆ. ನೀರು ಬತ್ತಿದರೆ, ಇಲ್ಲವೇ ಅವರೆಕಾಳಿನ ಸಿಪ್ಪೆ ವಿಷಲ್ಲಿನ ಕೊಳವೆಗೆ ಅಡ್ಡ ಕೂತರೆ, ಬಿಸಿ ಇನ್ನೂ ಏರುತ್ತದೆ. ಆಗ ವಾಲ್ವಿನೊಳಗಿನ ಬೇಗ ಕರಗುವ ಮಿಶ್ರಲೋಹ ಕರಗಿ ಹಬೆಗೆ ದಾರಿ ಬಿಡಬೇಕು. ತಪ್ಪು ಲೋಹವಿದ್ದರೆ ಬಿಡುವುದಿಲ್ಲ.

ಅಲ್ಲಿಯವರೆಗೆ ಡೂಪ್ಲಿಕೇಟ್ ವಾಲ್ವಿನಲ್ಲೂ ಅನ್ನ ಬೇಯುತ್ತದೆ, ವಿಷಲ್ ಕೂಗುತ್ತದೆ. "ಎರಡು ವರ್ಷದಿಂದ ಏನೂ ಆಗಿಲ್ಲ" ಎಂದು ಪಕ್ಕದ ಮನೆಯವರು ಹೇಳುವುದು ಸುಳ್ಳಲ್ಲ. ಆದರೆ ಆ ಎರಡು ವರ್ಷವೂ ವಾಲ್ವಿಗೆ ಪರೀಕ್ಷೆಯ ದಿನ ಬಂದೇ ಇರುವುದಿಲ್ಲ.

ದೇಶದಲ್ಲಿ ಮಾರುವ ಕುಕ್ಕರಿಗೆ 2021ರ ಫೆಬ್ರುವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಗುರುತಿರುವ ಕುಕ್ಕರಿಗೆ ಆಮೇಲೆ ನಾವು ಎಂಥ ವಾಲ್ವ್ ಹಾಕಿಸುತ್ತೇವೆಂದು ನೋಡಲು ಯಾರೂ ಅಡುಗೆಮನೆಗೆ ಬರುವುದಿಲ್ಲ.

ಎಲ್ಲದಕ್ಕೂ ಕಂಪನಿಯದೇ ಹಾಕಿಸಲು ನಮ್ಮಂಥವರ ಕೈಲಿ ದುಡ್ಡಿರುವುದಿಲ್ಲ. ಅದಕ್ಕೇ ಅವ್ವ ಬೆಲೆ ಕೇಳುವ ಮುಂಚೆ, ಇದು ಕೈಕೊಟ್ಟರೆ ಏನಾಗುತ್ತದೆ ಎಂದು ನೋಡುತ್ತಾಳೆ. ಫ್ಯಾನಿನ ಕೆಪಾಸಿಟರ್ ಸೋತರೆ ಫ್ಯಾನ್ ನಿಧಾನವಾಗುತ್ತದೆ, ಒಂದು ರಾತ್ರಿ ಸೆಕೆ ತಡೆದುಕೊಳ್ಳಬಹುದು. ಗ್ಯಾಸ್ ಪೈಪ್ ಸೋತರೆ ತಡೆದುಕೊಳ್ಳಲು ಆಗುವುದಿಲ್ಲ. ಗ್ಯಾಸ್ ಏಜೆನ್ಸಿಯವರು ಕೊಡುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿಗೂ ಆಯಸ್ಸು 5 ವರ್ಷ. ಯಾವಾಗ ಬದಲಿಸಬೇಕೆಂದು ಅದರ ಮೇಲೇ ಅಚ್ಚಾಗಿರುತ್ತದೆ. ರೂಮು ಮಾಡಿಕೊಂಡು ಓದುತ್ತಿರುವವರು ಇವತ್ತೇ ಒಮ್ಮೆ ಬಗ್ಗಿ ಅದನ್ನು ಓದಿ.