ಗುಂಪಿನಲ್ಲಿ ಗೋವಿಂದ

ನಮ್ಮ ಮನೆಯಲ್ಲಿ ಈಗ ಒಟ್ಟಿಗೆ ಊಟಕ್ಕೆ ಸೇರುವವರೆಂದರೆ ಜೀಬ್ರಾ ಡ್ಯಾನಿಯೊ ಮೀನುಗಳು ಮಾತ್ರ. ನನ್ನದು ಟಿವಿ ಮುಂದೆ, ನನ್ನಾಕೆಯದು ಫೋನಿನ ಮುಂದೆ. ಮಗಳು ಊಟ ಮಾಡುವ ಹೊತ್ತಿಗೆ ಇಲ್ಲಿ ನಡುರಾತ್ರಿ.

ಮೀನು ಕೊಳ್ಳಲು ಹೋದಾಗ ಅಂಗಡಿಯ ಹುಡುಗ ಹೇಳಿದ್ದ: "ಆರಾದ್ರೂ ತಗೊಳ್ಳಿ ಸಾರ್. ಒಂದೆರಡೇ ಬಿಟ್ರೆ ಮಂಕಾಗ್ತವೆ, ಇಲ್ಲಾ ಏಂಜೆಲ್ ಮೀನಿನ ರೆಕ್ಕೆ ಕಚ್ತವೆ." ಒಂಟಿಯಾದರೆ ಕಚ್ಚಾಡುವ ಚಾಳಿ ನಿವೃತ್ತರಿಗೆ ಮಾತ್ರ ಎಂದುಕೊಂಡಿದ್ದೆ.

ಮಿಕ್ಕಂತೆ ಇವುಗಳದು ಯಾವ ತಕರಾರೂ ಇಲ್ಲ. ನಲ್ಲಿಯಲ್ಲಿ ಕಾವೇರಿ ಬಂದರೂ ಸೈ, ಬೋರ್‌ವೆಲ್ಲಿನ ಗಡಸು ನೀರಾದರೂ ಸೈ. ಕ್ಲೋರಿನ್ ತೆಗೆದಿರಬೇಕು, ಅಷ್ಟೆ. ನೀರು 18ರಿಂದ 28 ಡಿಗ್ರಿಯೊಳಗಿದ್ದರೆ ಬದುಕುತ್ತವೆ, ಹಾಗಾಗಿ ಬೆಂಗಳೂರಿನಲ್ಲಿ ಹೀಟರಿನ ಖರ್ಚಿಲ್ಲ. ನಾಲ್ಕು ಸೆಂಟಿಮೀಟರಿನ ಬೆಳ್ಳಿ ಮೈ, ಕೆನ್ನೆಯ ಹಿಂದಿನಿಂದ ಬಾಲದ ತುದಿಯವರೆಗೂ ಎಳೆದ ನೀಲಿ ಗೆರೆಗಳು. ಗಂಡು ತೆಳ್ಳಗೆ, ಗೆರೆಗಳ ನಡುವೆ ಹೊನ್ನಿನ ಛಾಯೆ. ಹೆಣ್ಣು ಗುಂಡು ಹೊಟ್ಟೆಯವಳು. ಫಿಲ್ಟರಿನ ನೀರು ರಭಸವಾಗಿ ಬೀಳುವ ಕಡೆಗೇ ಎದುರೀಜುತ್ತಾ ನಿಲ್ಲುತ್ತವೆ. ಒಂದು ತಿರುಗಿದರೆ ಎಲ್ಲವೂ ತಿರುಗುತ್ತವೆ. ಯಜಮಾನಿಕೆ ಯಾರದೆಂದು ಎಷ್ಟು ನೋಡಿದರೂ ಗೊತ್ತಾಗಲಿಲ್ಲ.

ಸಂಸಾರದ ವಿಷಯದಲ್ಲಂತೂ ಇವು ನಮಗಿಂತ ಜಾಣ. ಬೆಳಗಿನ ಬೆಳಕು ಬೀಳುತ್ತಿದ್ದಂತೆ ಮೊಟ್ಟೆಯಿಡುತ್ತವೆ, ಸಿಕ್ಕಷ್ಟನ್ನು ತಾವೇ ನುಂಗುತ್ತವೆ. ಓದಿಸಿ, ವೀಸಾ ಮಾಡಿಸಿ, ಆಮೇಲೆ ಭಾನುವಾರದ ವಿಡಿಯೊ ಕಾಲ್‌ಗೆ ಕಾಯುವ ತಾಪತ್ರಯವೇ ಇಲ್ಲ.

ಇವು ಹೊರದೇಶದ ಮೀನುಗಳೆಂದು ನೆರೆಯವರ ನಂಬಿಕೆ. ಅಲ್ಲ, ಇವು ನಮ್ಮ ಗಂಗೆ-ಬ್ರಹ್ಮಪುತ್ರದ ಸೀಮೆಯ ತೊರೆ, ಗದ್ದೆಗಳವು. 1822ರಲ್ಲಿ ಗಂಗೆಯ ಮೀನುಗಳ ಪುಸ್ತಕ ಬರೆದು ಇವುಗಳಿಗೆ ವೈಜ್ಞಾನಿಕ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ನಮ್ಮ ಮೈಸೂರು ಸೀಮೆಯನ್ನು ಸುತ್ತಿ ಬೆಳೆ-ಬದುಕನ್ನೆಲ್ಲ ಬರೆದಿಟ್ಟವನೂ ಅವನೇ. ಈಗ ಇವು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಇವೆ. ಹೃದಯದ ಕೆಳಕೋಣೆಯ ಐದನೇ ಒಂದು ಭಾಗ ಕತ್ತರಿಸಿದರೂ ಸುಮಾರು ಎರಡು ತಿಂಗಳಲ್ಲಿ ಮತ್ತೆ ಬೆಳೆಸಿಕೊಳ್ಳುತ್ತವಂತೆ. ಸ್ಟೆಂಟ್ ಹಾಕಿಸಿಕೊಂಡವನು ಓದಬಾರದ ಸುದ್ದಿ ಇದು. ಓದಿ ಹೊಟ್ಟೆ ಉರಿಸಿಕೊಂಡೆ.

"ಇವಕ್ಕೆ ಊರಿನ ನೆನಪಾಗಲ್ವೇನ್ರೀ?" ಅಂದಳು ನನ್ನಾಕೆ, ಚಿಟಿಕೆ ಆಹಾರ ಉದುರಿಸುತ್ತಾ. ಊರು ಬಿಟ್ಟು ಬಂದವರು ನಾವು. ಉತ್ತರ ಹೇಳಲು ಹೋಗಲಿಲ್ಲ.

ನೀವೂ ಸಾಕುವುದಾದರೆ ಆರಕ್ಕಿಂತ ಕಡಿಮೆ ತರಬೇಡಿ, ತೊಟ್ಟಿಗೆ ಮುಚ್ಚಳ ಹಾಕುವುದನ್ನು ಮರೆಯಬೇಡಿ. ಗಟ್ಟಿ ಜೀವಗಳೇನೋ ಹೌದು, ಆದರೆ ನೆಗೆಯುವುದರಲ್ಲಿ ನಿಸ್ಸೀಮ.