ಸೂರ್ಯ ಬೇಗ ಮುಳುಗುವ ದ್ವೀಪದಲ್ಲಿ ಒಂದು ಭಾನುವಾರ

ಹೊಸೂರಿನಲ್ಲಿ ಅಂಗಡಿ ಇಟ್ಟವರಿಗೆ ಭಾನುವಾರವೆಂದರೆ ರಜೆಯಲ್ಲ, ಜಾತ್ರೆ. ಸಿಪ್‌ಕಾಟ್ ಕಾರ್ಖಾನೆಗಳ ಕೆಲಸಗಾರರಲ್ಲಿ ಬಹುತೇಕರಿಗೆ ಬಿಡುವು ಸಿಗುವುದೇ ಅಂದು. ಬಿಸಿಲು ಇಳಿದ ಮೇಲೆ ಸಂಸಾರ ಸಮೇತ ಪೇಟೆಗೆ ಬರುತ್ತಾರೆ. ನಮ್ಮದು ಸ್ಟೀಲ್ ಪಾತ್ರೆಗಳ ಅಂಗಡಿ. ಸಾಯಂಕಾಲ ಐದರಿಂದ ರಾತ್ರಿ ಒಂಬತ್ತರವರೆಗೆ ತಮಿಳು, ತೆಲುಗು, ಕನ್ನಡ ಮೂರು ಭಾಷೆಯಲ್ಲೂ ಚೌಕಾಸಿ ನಡೆಯುತ್ತದೆ. ಹೀಗಾಗಿ ನನ್ನ 66 ವರ್ಷದ ಜೀವನದಲ್ಲಿ ಭಾನುವಾರದ ವಿಶ್ರಾಂತಿ ಎಂಬುದನ್ನು ನಾನು ಬೇರೆಯವರ ಮನೆಯಲ್ಲಿ ಮಾತ್ರ ಕಂಡವನು.

ಈ ಸಲ ಮಗ ಸೊಸೆ ಹಟ ಹಿಡಿದರು. ಪೊಂಗಲ್ ವ್ಯಾಪಾರ ಮುಗಿದಿತ್ತು, ಮದುವೆಯ ವ್ಯಾಪಾರ ಬಿರುಸಾಗಲು ಇನ್ನೂ ಕೆಲವು ದಿನ ಇತ್ತು. “ಅಪ್ಪಾ, ಅಮ್ಮನ ಜೊತೆ ಅಂಡಮಾನಿಗೆ ಹೋಗಿಬನ್ನಿ, ಗಲ್ಲಾ ನಾನು ನೋಡಿಕೊಳ್ಳುತ್ತೇನೆ” ಎಂದು ಮಗ ಟಿಕೆಟ್ಟನ್ನೇ ತಂದು ಕೈಗಿಟ್ಟ. 2025ರ ಜನವರಿ 17ರ ಶುಕ್ರವಾರ ಬೆಂಗಳೂರಿನಿಂದ ವಿಮಾನ ಹತ್ತಿದೆವು. ನಾವು ಶಾಲೆಯಲ್ಲಿ ಪೋರ್ಟ್ ಬ್ಲೇರ್ ಎಂದು ಓದಿದ ಊರಿಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿದ್ದಾರೆ. ಅಂದೇ ಸೆಲ್ಯುಲರ್ ಜೈಲನ್ನು ನೋಡಿದೆವು. 1896ರಲ್ಲಿ ಕಟ್ಟಲು ಆರಂಭಿಸಿ 1906ರಲ್ಲಿ ಮುಗಿಸಿದ ಸೆರೆಮನೆ. ಏಳು ಸಾಲುಗಳಲ್ಲಿ ಈಗ ಮೂರು ಮಾತ್ರ ಉಳಿದಿವೆ. ಒಂದೊಂದು ಕೋಣೆಯಲ್ಲೂ ಒಬ್ಬೊಬ್ಬನನ್ನೇ ಕೂಡಿಹಾಕುತ್ತಿದ್ದರಂತೆ. ನನ್ನ ಮನೆಯವರು ಒಂದು ಕೋಣೆಯೊಳಗೆ ಹೋಗಿ ಎರಡು ನಿಮಿಷ ನಿಂತು, ಮಾತಾಡದೆ ಹೊರಗೆ ಬಂದರು.

ಮರುದಿನ ಹಡಗಿನಲ್ಲಿ ಹ್ಯಾವ್‌ಲಾಕ್ ದ್ವೀಪಕ್ಕೆ ಹೋದೆವು. ಬ್ರಿಟಿಷ್ ಸೇನಾಧಿಕಾರಿಯ ಹೆಸರಿದ್ದ ಈ ದ್ವೀಪ 2018ರ ಡಿಸೆಂಬರ್ 30ರಿಂದ ಸ್ವರಾಜ್ ದ್ವೀಪವಾಗಿದೆ. ನೇತಾಜಿಯವರು 1943ರಲ್ಲಿ ಅದೇ ತಾರೀಖಿನಂದು ಪೋರ್ಟ್ ಬ್ಲೇರಿನಲ್ಲಿ ಧ್ವಜ ಹಾರಿಸಿದ್ದರ ನೆನಪಿಗೆ ಆ ದಿನವನ್ನು ಆರಿಸಿದರು. ಇಲ್ಲಿನ ಜನರಲ್ಲಿ ಹೆಚ್ಚಿನವರು ದೇಶ ವಿಭಜನೆಯಾದ ಮೇಲೆ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳ ಸಂತಾನ. ಹಳ್ಳಿಗಳ ಹೆಸರು ಕೇಳಿ: ಗೋವಿಂದನಗರ, ರಾಧಾನಗರ, ಕೃಷ್ಣನಗರ, ಶ್ಯಾಮನಗರ.

ಭಾನುವಾರ ಅಭ್ಯಾಸದಂತೆ ಐದೂವರೆಗೇ ಎಚ್ಚರವಾಯಿತು. ಆಗಲೇ ಬೆಳಕು ಹರಿಯುತ್ತಿತ್ತು. ಆರು ಗಂಟೆಗೆಲ್ಲ ಬಿಸಿಲು! ಇದೇನು ಗಡಿಯಾರ ಕೆಟ್ಟಿತೇ ಎಂದುಕೊಂಡೆ. ಆಮೇಲೆ ಲೆಕ್ಕ ಹಾಕಿದೆ. ಇಡೀ ದೇಶಕ್ಕೆ ಒಂದೇ ಗಂಟೆ. ಅದು 82½ ಡಿಗ್ರಿ ಪೂರ್ವ ರೇಖಾಂಶದ್ದು. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ನಮ್ಮ ಹೊಸೂರು ಸುಮಾರು 78ನೇ ಡಿಗ್ರಿಯಲ್ಲಿದೆ, ಈ ದ್ವೀಪ 93ರಲ್ಲಿ. ಹದಿನೈದು ನಾಲ್ಕಲಿ ಅರವತ್ತು. ಅಂದರೆ ಸೂರ್ಯ ಇಲ್ಲಿ ನಮಗಿಂತ ಒಂದು ಗಂಟೆ ಮುಂಚೆ ಹುಟ್ಟಿ, ಒಂದು ಗಂಟೆ ಮುಂಚೆಯೇ ಮುಳುಗುತ್ತಾನೆ. ಜನವರಿಯಲ್ಲಿ ಐದೂಕಾಲಿನ ಒಳಗೇ ಸೂರ್ಯಾಸ್ತ.

ಇದನ್ನು ಕೇಳಿ ನಮ್ಮಾಕೆ, “ಹಾಗಾದರೆ ನಾಲ್ಕೂವರೆಗೆ ಊಟ ಮುಗಿಯಬೇಕು” ಎಂದರು. ಅವರು ರಾತ್ರಿ ಊಟ ಬಿಟ್ಟವರು, ಮದುವೆಯಾಗಿ ಬಂದಾಗಿನಿಂದಲೂ. ನಮ್ಮ ತಂದೆಯವರೂ ಹಾಗೆಯೇ ನಡೆದರು. ನನ್ನ ವಿಷಯ ಬೇರೆ. ಅಂಗಡಿಯ ಶಟರ್ ಎಳೆದು ಮನೆಗೆ ಬಂದು ಉಣ್ಣುವಾಗ ಒಂಬತ್ತೂವರೆ. ಮೊದಮೊದಲು ಅವರು ಐದೂವರೆಗೆ ಅಂಗಡಿಗೇ ಊಟದ ಡಬ್ಬಿ ಕಳಿಸುತ್ತಿದ್ದರು. ಗಿರಾಕಿಗಳ ನಡುವೆ ಅದನ್ನು ತೆರೆಯಲು ಆಗದೆ ಹಾಗೆಯೇ ವಾಪಸು ಹೋಗುತ್ತಿತ್ತು. ಕೆಲವು ವರ್ಷಗಳಾದ ಮೇಲೆ ಡಬ್ಬಿ ಬರುವುದು ನಿಂತಿತು. ಏಕೆ ನಿಂತಿತೆಂದು ನಾನು ಕೇಳಲಿಲ್ಲ.

ಬೆಳಿಗ್ಗೆ ಗೋವಿಂದನಗರದ ಪೇಟೆಗೆ ನಡೆದುಕೊಂಡು ಹೋದೆವು. ಒಂದು ಪಾತ್ರೆ ಪರಡಿಯ ಅಂಗಡಿ ಕಂಡಿತು. ನನ್ನ ಕಾಲು ತಾನಾಗಿಯೇ ಒಳಗೆ ನಡೆಯಿತು. ಬಂಗಾಳಿ ಮಾಲೀಕರು, ನನ್ನದೇ ವಯಸ್ಸು. ನನ್ನ ಹರಕು ಹಿಂದಿಯಲ್ಲೇ ಮಾತಾಯಿತು. ಸರಕೆಲ್ಲ ಚೆನ್ನೈ, ಕೋಲ್ಕತ್ತಾಗಳಿಂದ ಹಡಗಿನಲ್ಲಿ ಬರಬೇಕು, ಅಲ್ಲಿಂದ ಇನ್ನೊಂದು ದೋಣಿಗೆ ಏರಬೇಕು. ಸಮುದ್ರ ಕೆರಳಿದರೆ ದೋಣಿ ಇಲ್ಲ, ಸರಕೂ ಇಲ್ಲ ಎಂದರು. ಹಾಗಾದರೆ ಏನು ಮಾಡುತ್ತೀರಿ ಎಂದೆ. “ಬಾಗಿಲು ಹಾಕಿ ಮನೆಗೆ ಹೋಗುತ್ತೇನೆ, ಇನ್ನೇನು ಮಾಡಲಿ?” ಎಂದು ನಕ್ಕರು. ವ್ಯಾಪಾರಿ ಹೀಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಧ್ಯಾಹ್ನ ಕೋಣೆಯಲ್ಲಿ ಒಂದು ಗಂಟೆ ನಿದ್ದೆ. ಎದ್ದು ನೋಡಿದರೆ ನಮ್ಮಾಕೆ ಊರಿನಿಂದ ತಂದಿದ್ದ ಪುಟ್ಟ ಕರೆಂಟ್ ಕುಕ್ಕರಿನಲ್ಲಿ ಹೆಸರುಬೇಳೆ ಅನ್ನ ಮಾಡಿ, ತುಪ್ಪ ಹಾಕಿ, ನಮ್ಮ ಅಂಗಡಿಯದೇ ಎರಡು ಡಬ್ಬಿಗಳಿಗೆ ತುಂಬಿದ್ದರು. ಜೊತೆಗೆ ಚಟ್ನಿಪುಡಿ, ನಾಲ್ಕು ಬಾಳೆಹಣ್ಣು. ಅಲ್ಲಿನ ಹೋಟೆಲುಗಳಲ್ಲಿ ಸಸ್ಯಾಹಾರ ಸಿಗುತ್ತದೆ. ಆದರೆ ಹೆಚ್ಚಿನ ಕಡೆ ಮೀನು ಬೇಯುವ ಅಡಿಗೆಮನೆಯಲ್ಲೇ.

ಮೂರೂವರೆಗೆ ಆಟೋದಲ್ಲಿ ರಾಧಾನಗರದ ಸಮುದ್ರ ತೀರಕ್ಕೆ ಹೋದೆವು. ಏಷ್ಯಾದಲ್ಲೇ ಅತ್ಯುತ್ತಮ ತೀರವೆಂದು 2004ರಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆ ಹೊಗಳಿದ ಜಾಗ. ಹಿಂದೆ ಎತ್ತರದ ಮರಗಳ ಕಾಡು, ಮುಂದೆ ಜರಡಿ ಹಿಡಿದ ರವೆಯಂಥ ಬಿಳಿ ಮರಳು. ನಮ್ಮಾಕೆ ಒಂದು ಚಂದದ ಶಂಖದ ಚಿಪ್ಪನ್ನು ಕೈಗೆತ್ತಿಕೊಂಡರು. ಅದರೊಳಗಿಂದ ಪುಟ್ಟ ಏಡಿಯೊಂದು ಕಾಲು ಚಾಚಿತು! ಖಾಲಿ ಚಿಪ್ಪನ್ನೇ ಮನೆ ಮಾಡಿಕೊಂಡು ಬಾಳುವ ಏಡಿ ಅದು. “ಅಯ್ಯೋ, ಯಾರದೋ ಮನೆ” ಎಂದು ಎಲ್ಲಿತ್ತೋ ಅಲ್ಲಿಯೇ ಮೆಲ್ಲನೆ ಇಟ್ಟರು. ಇಲ್ಲಿಂದ ಚಿಪ್ಪು, ಹವಳ ಒಯ್ಯಬಾರದೆಂಬುದು ಸರ್ಕಾರದ ನಿಯಮ. ನಮಗೆ ಆ ನಿಯಮ ಸರ್ಕಾರಕ್ಕಿಂತ ಹಳೆಯದು.

ನಾಲ್ಕೂವರೆಗೆ ಒಂದು ಮರದ ಬುಡದಲ್ಲಿ ಟವೆಲ್ ಹಾಸಿ ಕುಳಿತೆವು. ಊರಿನಲ್ಲಿ ಗಿರಾಕಿಗಳು ಬರುವ ಹೊತ್ತು. ಮಗನಿಗೆ ಫೋನ್ ಮಾಡೋಣವೆಂದು ತೆಗೆದರೆ ನನ್ನ ಫೋನಿಗೆ ಸಿಗ್ನಲ್ ಇಲ್ಲ. ಎದ್ದು ಆ ಕಡೆ ಈ ಕಡೆ ನಡೆದೆ, ಕೈ ಮೇಲೆತ್ತಿ ನೋಡಿದೆ. ನಮ್ಮಾಕೆ ಡಬ್ಬಿ ತೆರೆದು, ಊಟ ಶುರುಮಾಡದೆ, ನನ್ನನ್ನೇ ನೋಡುತ್ತಿದ್ದರು. ಬಂದು ಕುಳಿತೆ. ಎರಡು ತುತ್ತು ಉಂಡ ಮೇಲೆ ಅವರು ಹೇಳಿದರು: “ರೀ, ನಾನು ಈ ಮನೆಗೆ ಬಂದು ನಲವತ್ತೊಂದು ವರ್ಷವಾಯಿತು. ಭಾನುವಾರ ಸಾಯಂಕಾಲ ನೀವು ನನ್ನೆದುರು ಕೂತು ಊಟ ಮಾಡುತ್ತಿರುವುದು ಇದೇ ಮೊದಲು.”

ದೂರು ಹೇಳಿದ ದನಿಯಲ್ಲ, ಸಂತೋಷದ ದನಿ. ಅದಕ್ಕೇ ನನಗೆ ಹೆಚ್ಚು ನಾಟಿತು. ವ್ಯಾಪಾರಿಯ ಬುದ್ಧಿ, ಕೂಡಲೇ ಗುಣಿಸಿತು: ನಲವತ್ತೊಂದು ವರ್ಷ, ವರ್ಷಕ್ಕೆ 52. ಒಟ್ಟು 2,132 ಭಾನುವಾರ. ಅಷ್ಟು ದಿನವೂ ಅವರು ಒಬ್ಬರೇ ತಟ್ಟೆಯ ಮುಂದೆ ಕುಳಿತು, ಸೂರ್ಯ ಮುಳುಗುವ ಮುಂಚೆ ಉಂಡು, ನನಗಾಗಿ ಒಂಬತ್ತೂವರೆಗೆ ಮತ್ತೆ ಒಲೆ ಹಚ್ಚಿದ್ದರು. ನಾನು ಗಿರಾಕಿಗಳ ಉದ್ರಿಯನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟವನು. ಈ ಬಾಕಿಗೆ ಒಂದು ಪುಟವನ್ನೂ ತೆರೆದಿರಲಿಲ್ಲ.

ಊಟ ಮುಗಿಸಿ, ಡಬ್ಬಿಯಲ್ಲೇ ಕೈ ತೊಳೆದು, ಸುಮ್ಮನೆ ಕುಳಿತೆವು. ಐದೂಕಾಲಾಗುವ ಮುಂಚೆ ಸೂರ್ಯ ನೀರಿಗಿಳಿದ. ಸುತ್ತ ನೂರಾರು ಜನ ಫೋಟೋ ತೆಗೆಯುತ್ತಿದ್ದರು. ನಮ್ಮಾಕೆ ಕೈ ಮುಗಿದು ಪಂಚನಮಸ್ಕಾರ ಹೇಳಿಕೊಂಡರು. ನಾನೂ ದನಿಗೂಡಿಸಿದೆ.

ರಾತ್ರಿ ಕೋಣೆಯ ಫೋನಿನಿಂದ ಊರಿಗೆ ಮಾತಾಡಿದೆ. “ವ್ಯಾಪಾರ ಚೆನ್ನಾಗಿಯೇ ಆಯಿತಪ್ಪಾ” ಎಂದ ಮಗ. ನಾನಿಲ್ಲದೆಯೂ ಆಯಿತೇ ಎಂದು ಒಂದು ಗಳಿಗೆ ಚುಚ್ಚಿದ್ದು ನಿಜ. ಸುಳ್ಳೇಕೆ ಹೇಳಲಿ?

ಹೋಗುವವರಿಗೆ ಎರಡು ಮಾತು. ಹಡಗಿನ ಟಿಕೆಟ್ ಮುಂಚೆಯೇ ಮಾಡಿಸಿ. ಚಿಕ್ಕ ಕುಕ್ಕರ್, ಅಕ್ಕಿ ಬೇಳೆ ಜೊತೆಗಿರಲಿ. ಊಟದ ಹೊತ್ತನ್ನು ನಮ್ಮೂರಿಗಿಂತ ಒಂದು ಗಂಟೆ ಮುಂದಕ್ಕೆ ತನ್ನಿ.

ಊರಿಗೆ ಬಂದ ಮೇಲೆ ಮೊದಲ ಭಾನುವಾರ ಐದೂವರೆಗೆ ಗಲ್ಲಾದ ಕೀಲಿಯನ್ನು ಮಗನಿಗೆ ಕೊಟ್ಟು ಮನೆಗೆ ನಡೆದೆ. ಈಗ ಅದೇ ರೂಢಿಯಾಗಿದೆ. ಉಳಿದ ದಿನ ಇನ್ನೂ ಸಾಧ್ಯವಾಗಿಲ್ಲ. ಆದರೆ ಆ ದ್ವೀಪದಲ್ಲಿ ಐದೂಕಾಲಿಗೆ ಕಾಯದ ಸೂರ್ಯ ಹೊಸೂರಿನಲ್ಲಿ ಜನವರಿಯಲ್ಲೂ ಆರು ದಾಟುವವರೆಗೆ ಕಾಯುತ್ತಾನೆ. ಹೊತ್ತು ಸಾಲುವುದಿಲ್ಲ ಎಂದು ನಾನು ಇನ್ನು ಯಾವ ಬಾಯಿಂದ ಹೇಳಲಿ?